ತಾಲ್ಲೂಕು ಆಸ್ಪತ್ರೆಯ ತರುಣ ಶಸ್ತ್ರವೈದ್ಯ

ದಾವಣಗೆರೆ ಎರಡು ವೈದ್ಯಕೀಯ ಕಾಲೇಜುಗಳ ನಗರ. ಅವುಗಳಲ್ಲಿ ಹಿರಿಯದಾದ ಜೆ.ಜೆ.ಎಂ. ಕಾಲೇಜು ಆರಂಭವಾದದ್ದು 1965ರಲ್ಲಿ. ಶಸ್ತ್ರವೈದ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ತರುಣರು ವರ್ಷವರ್ಷವೂ ಈ ನಗರದಿಂದ ಹೊರಬರುತ್ತಾರೆ. ಇಲ್ಲಿಂದ ಐವತ್ತು ಅರವತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿವೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಒಡಲಲ್ಲೇ ಇತ್ತು. ವೈದ್ಯರನ್ನು ತಯಾರಿಸುವ ನಗರ ಇಷ್ಟು ಹತ್ತಿರದಲ್ಲಿರುವಾಗ ಇಂಥ ಊರುಗಳಲ್ಲಿ ಶಸ್ತ್ರವೈದ್ಯನೊಬ್ಬ ನೆಲೆನಿಲ್ಲುವುದು ಏಕೆ ಕಷ್ಟ ಎಂಬುದು ಯೋಚಿಸಬೇಕಾದ ಪ್ರಶ್ನೆ.

ಶಸ್ತ್ರಚಿಕಿತ್ಸೆಯೆಂದರೆ ದೊಡ್ಡ ಊರಿನ ದೊಡ್ಡ ವ್ಯವಹಾರ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಅದರ ಅಗತ್ಯ ಹುಟ್ಟುವುದು ತೋಟದಲ್ಲಿ, ಹೊಲದಲ್ಲಿ, ರಸ್ತೆಯಲ್ಲಿ. ಚನ್ನಗಿರಿಯ ಸೀಮೆ ಅಡಕೆಯದು. ಗೊನೆ ಇಳಿಸಲು ಹತ್ತಿದವನು ಜಾರಿಬಿದ್ದರೆ ಸೊಂಟವೋ ತೊಡೆಯೋ ಮುರಿಯುತ್ತದೆ. ಕೆಲವೊಮ್ಮೆ ಹೊರಗೆ ಗಾಯವೇ ಕಾಣದೆ ಒಳಗೆ ಗುಲ್ಮ ಒಡೆದು ರಕ್ತ ಸೋರುತ್ತಿರುತ್ತದೆ. ಹೊನ್ನಾಳಿ, ನ್ಯಾಮತಿಗಳ ಕಡೆ ದೀಪಾವಳಿಯ ನಂತರ ಹೋರಿ ಬೆದರಿಸುವ ಹಬ್ಬದ ಸಡಗರ. ಕೊಂಬಿನ ತಿವಿತಕ್ಕೆ ಸಿಕ್ಕವನ ಹೊಟ್ಟೆಯನ್ನು ತೆರೆದು ನೋಡದೆ ವಿಧಿಯಿಲ್ಲ. ಇನ್ನು ಜಗಳೂರಿನಂಥ ಬೆದ್ದಲು ಸೀಮೆಯ ಬಡವನು ಹರ್ನಿಯಾವನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದು, ಕರುಳು ಸಿಕ್ಕಿಕೊಂಡು ಕಪ್ಪಗಾಗುವ ಹೊತ್ತಿಗೆ ಆಸ್ಪತ್ರೆಯ ಬಾಗಿಲಿಗೆ ಬರುತ್ತಾನೆ. ಹೆರಿಗೆ ಕಷ್ಟವಾಗುವ ತಾಯಂದಿರು ಎಲ್ಲ ಊರುಗಳಲ್ಲೂ ಇದ್ದಾರೆ.

2015ರಲ್ಲಿ ವರದಿ ನೀಡಿದ ಲ್ಯಾನ್ಸೆಟ್ ಆಯೋಗವು ಒಂದು ಸೀಮೆಯ ಶಸ್ತ್ರವೈದ್ಯ ವ್ಯವಸ್ಥೆಯನ್ನು ಅಳೆಯಲು ಮೂರೇ ಶಸ್ತ್ರಕ್ರಿಯೆಗಳನ್ನು ಒರೆಗಲ್ಲಾಗಿ ಆರಿಸಿತು: ಸಿಸೇರಿಯನ್ ಹೆರಿಗೆ, ಹೊಟ್ಟೆ ತೆರೆದು ಮಾಡುವ ಚಿಕಿತ್ಸೆ, ಚರ್ಮ ಸೀಳಿಕೊಂಡು ಹೊರಬಂದ ಮೂಳೆಮುರಿತದ ಉಪಚಾರ. ಇವು ಎರಡು ಗಂಟೆಯೊಳಗೆ ಎಟುಕಬೇಕೆಂದು ಅದು ಹೇಳಿತು. ನಮ್ಮ ದೇಶದ ಸ್ಥಿತಿಯನ್ನು ನೋಡಿ: ಕೇಂದ್ರ ಸರ್ಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ, ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ಶಸ್ತ್ರವೈದ್ಯರಲ್ಲಿ ನೂರಕ್ಕೆ 83ರಷ್ಟು ಕೊರತೆಯಿತ್ತು.

ಕೊರತೆಯ ಮಾತು ಬಂದೊಡನೆ ಕಡ್ಡಾಯದ ಮಾತೂ ಬರುತ್ತದೆ. ವೈದ್ಯ ಪದವೀಧರರು ಸರ್ಕಾರಿ ಸೇವೆ ಸಲ್ಲಿಸಲೇಬೇಕೆಂದು ಕರ್ನಾಟಕವು 2012ರಲ್ಲಿ ಕಾಯ್ದೆ ಮಾಡಿತು. 2023ರ ತಿದ್ದುಪಡಿಯಲ್ಲಿ ಅದು ಖಾಲಿ ಹುದ್ದೆಗಳಿರುವಷ್ಟಕ್ಕೆ ಎಂದು ಸಡಿಲವಾಯಿತು. ಕಡ್ಡಾಯವನ್ನು ನಾನು ಹಳಿಯುವುದಿಲ್ಲ. ಸಾರ್ವಜನಿಕರ ಹಣದಲ್ಲಿ, ಬಡರೋಗಿಗಳ ದೇಹದ ಮೇಲೆ ವಿದ್ಯೆ ಕಲಿತವನು ಒಂದು ವರ್ಷ ಹಿಂದಿರುಗಿಸುವುದರಲ್ಲಿ ಅನ್ಯಾಯವೇನಿದೆ? ಆದರೆ ಆ ಒಂದು ವರ್ಷ ಅವನಿಗೆ ಹೇಗೆ ಕಳೆಯುತ್ತದೆಂಬುದನ್ನು ವಿಚಾರಿಸುವವರು ಕಡಿಮೆ.

ಸುಶ್ರುತನು ಶಿಷ್ಯರಿಗೆ ಮೊದಲು ಕುಂಬಳ, ಸೋರೆಗಳ ಮೇಲೆ ಕೊಯ್ಯುವುದನ್ನೂ, ಬಟ್ಟೆ ಮತ್ತು ತೊಗಲಿನ ಮೇಲೆ ಹೊಲಿಯುವುದನ್ನೂ ಅಭ್ಯಾಸ ಮಾಡಿಸಬೇಕೆಂದು ವಿಧಿಸಿದ್ದ. ಇಂದಿನ ಶಿಷ್ಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂರು ವರ್ಷ ಪಳಗುತ್ತಾನೆ. ಆದರೆ ಎಂದೂ ಒಂಟಿಯಾಗಿ ಅಲ್ಲ. ಎದುರಿಗೆ ಹಿರಿಯ ವಿದ್ಯಾರ್ಥಿ, ಪಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕ, ಫೋನಿನ ಆಚೆ ಘಟಕದ ಮುಖ್ಯಸ್ಥರು. ತಲೆಯ ಬಳಿ ಅರಿವಳಿಕೆ ವೈದ್ಯ, ಕೆಳಗಿನ ಮಹಡಿಯಲ್ಲಿ ರಕ್ತನಿಧಿ. ಪದವಿ ಕೈಗೆ ಬಂದ ಮರುತಿಂಗಳೇ ಅವನನ್ನು ತಾಲ್ಲೂಕಿಗೆ ಕಳುಹಿಸಿದರೆ ಈ ಬಳಗವೆಲ್ಲ ಹಿಂದೆ ಉಳಿಯುತ್ತದೆ. ಥಿಯೇಟರು ಇರುತ್ತದೆ, ಮೇಜು ದೀಪಗಳಿರುತ್ತವೆ. ಅರಿವಳಿಕೆ ವೈದ್ಯರ ಹುದ್ದೆ ಮಾತ್ರ ಖಾಲಿ. ಬೆನ್ನಿಗೆ ಸೂಜಿ ಚುಚ್ಚಿ ಮರಗಟ್ಟಿಸುವುದನ್ನು ಶಸ್ತ್ರವೈದ್ಯನೇ ಮಾಡಬಲ್ಲನೆಂದು ವಾದಿಸುವವರುಂಟು. ಆಮೇಲೆ ರೋಗಿಯ ರಕ್ತದೊತ್ತಡ ಕುಸಿದರೆ ನೋಡುವವರಾರು? ಆ ಹೊತ್ತಿಗೆ ಅವನ ಎರಡೂ ಕೈಗಳು ಹೊಟ್ಟೆಯೊಳಗಿರುತ್ತವೆ.

ಹೊರಗೆ ಟ್ರಾಕ್ಟರಿನಲ್ಲಿ ಬಂದ ಮೂವತ್ತು ಜನ ನಿಂತಿರುತ್ತಾರೆ. ಆಸ್ಪತ್ರೆಗಳ ಮೇಲಿನ ಹಲ್ಲೆಯನ್ನು ದಂಡನೀಯವಾಗಿಸಿದ 2009ರ ರಾಜ್ಯ ಕಾಯ್ದೆಯಿದೆ, ನಿಜ. ರಾತ್ರಿ ಎರಡು ಗಂಟೆಗೆ ಆ ಕಾಯ್ದೆ ಬಾಗಿಲಲ್ಲಿ ಬಂದು ನಿಲ್ಲುವುದಿಲ್ಲ. ಆಗ ತರುಣ ಮಾಡುವುದೇನು? ಚೀಟಿ ಬರೆಯುತ್ತಾನೆ. 108ರ ವಾಹನ ದಾವಣಗೆರೆಗೋ ಶಿವಮೊಗ್ಗಕ್ಕೋ ಹೊರಡುತ್ತದೆ. ಇದನ್ನು ಹೇಡಿತನವೆನ್ನಲು ನನಗೆ ಮನಸ್ಸಿಲ್ಲ. ಆ ರಾತ್ರಿಯ ಮಟ್ಟಿಗೆ ಅದು ವಿವೇಕವೇ ಇರಬಹುದು. ಆದರೆ ಶಸ್ತ್ರವೈದ್ಯವು ಕೈಯ ವಿದ್ಯೆ. ದಿನಕ್ಕೊಂದು ಚೀಟಿ ಬರೆಯುತ್ತ ಹೋದರೆ ಆರು ತಿಂಗಳಲ್ಲಿ ಅಪೆಂಡಿಕ್ಸ್ ಕೂಡ ಭಯ ಹುಟ್ಟಿಸುತ್ತದೆ. ಅವಧಿ ಮುಗಿದ ದಿನ ಅವನು ಗಂಟುಮೂಟೆ ಕಟ್ಟುವುದು ಸಂಬಳ ಸಾಲದೆಂಬ ಒಂದೇ ಕಾರಣಕ್ಕಲ್ಲ, ಕಲಿತದ್ದು ಕಳೆದುಹೋಗುತ್ತಿದೆಯೆಂಬ ದಿಗಿಲಿನಿಂದಲೂ ಹೌದು.

ಆದ್ದರಿಂದ ನೇಮಕವನ್ನು ಒಬ್ಬೊಬ್ಬರ ಲೆಕ್ಕದಲ್ಲಿ ಮಾಡುವುದೇ ತಪ್ಪು. ಶಸ್ತ್ರವೈದ್ಯ ಮತ್ತು ಅರಿವಳಿಕೆ ವೈದ್ಯ ಜೋಡೆತ್ತುಗಳಂತೆ. ಒಂದನ್ನೇ ಕಟ್ಟಿದರೆ ಗಾಡಿ ಸಾಗದು. ಗಂಡ ಹೆಂಡಿರಲ್ಲಿ ಒಬ್ಬರು ಶಸ್ತ್ರವೈದ್ಯರೂ ಇನ್ನೊಬ್ಬರು ಅರಿವಳಿಕೆ ವೈದ್ಯರೂ ಆಗಿರುವ ಊರು ಪುಣ್ಯ ಮಾಡಿದ್ದು ಎನ್ನಬೇಕು, ಆದರೆ ಸರ್ಕಾರ ಮದುವೆಗಳನ್ನು ನೆಚ್ಚಿಕೊಂಡು ಕೂರಲಾಗದಷ್ಟೆ! ದೊಡ್ಡ ರಕ್ತನಿಧಿಯಿಂದ ರಕ್ತ ತಂದು ಕಾಪಿಡುವ ಸಣ್ಣ ಶೇಖರಣಾ ಘಟಕಕ್ಕೆ ನಿಯಮಗಳಲ್ಲಿ ಅವಕಾಶವಿದೆ. ಅದು ಕೆಲಸ ಮಾಡುವ ಶೀತಲಪೆಟ್ಟಿಗೆಯಾಗಿರಬೇಕು, ಉದ್ಘಾಟನೆಯ ಫಲಕವಾಗಿ ಉಳಿಯಬಾರದು.

ಮೂರನೆಯದು, ಕೇಳಿದೊಡನೆ ಓಗೊಡುವ ಹಿರಿಯರೊಬ್ಬರು. ತರುಣನಿಗೆ ಮಧ್ಯರಾತ್ರಿ ಬೇಕಾಗುವುದು ಪಾಠವಲ್ಲ. ‘ತೆರೆ, ನಾನು ಫೋನಿನಲ್ಲಿದ್ದೇನೆ’ ಎಂಬ ಒಂದು ಮಾತು. ಅಥವಾ ‘ಬೇಡ, ದ್ರವ ಹಾಕಿ ಕಳುಹಿಸು, ಇಲ್ಲಿ ಮೇಜು ಸಿದ್ಧವಿರುತ್ತದೆ’ ಎಂಬ ಮಾತು. ಎರಡರಲ್ಲೂ ಜವಾಬ್ದಾರಿ ಇಬ್ಬರದಾಗುತ್ತದೆ. ಹಗಲಿನಲ್ಲಿ ಆ ಹಿರಿಯರು ತಿಂಗಳಿಗೆರಡು ದಿನ ಚನ್ನಗಿರಿಗೋ ಜಗಳೂರಿಗೋ ಬಂದು ಹರ್ನಿಯಾ, ಹೈಡ್ರೋಸೀಲ್‌ಗಳಂಥ ಮುಂದೂಡಬಹುದಾದ ಶಸ್ತ್ರಕ್ರಿಯೆಗಳ ಸರದಿಯನ್ನು ತರುಣನ ಜೊತೆ ನಿಂತು ಮಾಡಿಸಬಹುದು. ತರುಣನೂ ವಾರಕ್ಕೊಂದು ದಿನ ಕಾಲೇಜಿನ ಥಿಯೇಟರಿಗೆ ಹೋಗಿಬರಬಹುದು.

ದಾರಿ ಪೂರ್ತಿ ಹೊಸದೇನಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯ ವ್ಯವಸ್ಥೆಯಲ್ಲಿ ದುಡಿಯಬೇಕೆಂಬ ನಿಯಮ 2020ರಲ್ಲಿ ಬಂದಿದೆ. ಅದರಲ್ಲಿ ಒಂದು ತಿಂಗಳನ್ನಾದರೂ ಹೊನ್ನಾಳಿಯಂಥ ಊರಿನಲ್ಲಿ ಕಳೆದವನಿಗೆ, ಮುಂದೆ ಅಲ್ಲಿಗೇ ನೇಮಕವಾದಾಗ ಥಿಯೇಟರಿನ ಸಿಸ್ಟರುಗಳ ಮುಖ ಪರಿಚಯವಿರುತ್ತದೆ, ಯಾವ ಸಲಕರಣೆ ಎಲ್ಲಿದೆಯೆಂದು ಗೊತ್ತಿರುತ್ತದೆ. ತೊಡಕಿರುವುದು ಹಿರಿಯರ ಕಡೆ. ಪ್ರಾಧ್ಯಾಪಕರ ಬಡ್ತಿಗೆ ಪ್ರಕಟಿಸಿದ ಪ್ರಬಂಧಗಳನ್ನು ಎಣಿಸುತ್ತಾರೆ. ಜಗಳೂರಿನ ಥಿಯೇಟರಿನಲ್ಲಿ ಶಿಷ್ಯನೆದುರು ನಿಂತ ದಿನಗಳನ್ನೂ ನಡುರಾತ್ರಿ ಎತ್ತಿದ ಫೋನುಗಳನ್ನೂ ಯಾರೂ ಎಣಿಸುವುದಿಲ್ಲ. ಅವುಗಳನ್ನು ಅವರ ಕರ್ತವ್ಯದ ಅವಧಿಗೆ ಸೇರಿಸಿ, ಪ್ರಯಾಣದ ಭತ್ಯೆ ಕೊಡುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಕಾಲೇಜು ಮತ್ತು ಆರೋಗ್ಯ ಇಲಾಖೆ ಕೂಡಿ ಹೊರಡಿಸುವ ಒಂದು ಆಜ್ಞೆ ಸಾಕು.