ಎನ್ನಲಾಗಿದೆ: ಎಂದವರು ಯಾರು?

ಯಾವುದೇ ದಿನದ ಕನ್ನಡ ಪತ್ರಿಕೆ ತೆರೆದು ಅಪರಾಧ ಸುದ್ದಿಯೊಂದರ ಕೊನೆಯ ಸಾಲಿಗೆ ಬನ್ನಿ. ‘ಹಳೆಯ ದ್ವೇಷವೇ ಕೊಲೆಗೆ ಕಾರಣ ಎನ್ನಲಾಗಿದೆ’ ಎಂದೋ, ‘ಸಾಲದ ಬಾಧೆಯಿಂದ ಬೇಸತ್ತಿದ್ದರು ಎಂದು ಹೇಳಲಾಗುತ್ತಿದೆ’ ಎಂದೋ ಇರುತ್ತದೆ. ಓದಿದವರು ಕಾಫಿ ಲೋಟ ಕೆಳಗಿಟ್ಟು ಪುಟ ತಿರುವುತ್ತಾರೆ. ಎಂದವರು ಯಾರು ಎಂದು ಕೇಳುವವರು ಕಡಿಮೆ. ಠಾಣೆಯ ಇನ್‌ಸ್ಪೆಕ್ಟರೇ? ಪಕ್ಕದ ಮನೆಯವರೇ? ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಯಾರೋ ಒಬ್ಬರೇ? ಅಥವಾ ವರದಿಗಾರನ ಊಹೆಯೇ? ಆ ವಾಕ್ಯಕ್ಕೆ ಕರ್ತೃವೇ ಇಲ್ಲ.

ಈ ವಿಷಯದಲ್ಲಿ ಆಡುಮಾತಿನ ಕನ್ನಡ ಪತ್ರಿಕೆಯ ಕನ್ನಡಕ್ಕಿಂತ ಪ್ರಾಮಾಣಿಕ. ಕಣ್ಣಾರೆ ಕಂಡಿದ್ದರೆ ‘ಬಂದ’ ಎನ್ನುತ್ತೇವೆ. ಯಾರೋ ಹೇಳಿ ಕೇಳಿದ್ದಾದರೆ ‘ಬಂದನಂತೆ’ ಎನ್ನುತ್ತೇವೆ. ‘ಅಂತೆ’ ಎಂಬ ಎರಡಕ್ಷರ ಸೇರಿದ ಕೂಡಲೇ, ಹೇಳುವವನು ಇದಕ್ಕೆ ಸಾಕ್ಷಿಯಲ್ಲ ಎಂಬುದು ಕೇಳುವವನಿಗೆ ತಿಳಿದುಬಿಡುತ್ತದೆ. ‘ಯಾರು ಹೇಳಿದ್ದು?’ ಎಂಬ ಮರುಪ್ರಶ್ನೆಗೂ ದಾರಿಯಾಗುತ್ತದೆ. ಇಂಥ ಮಾತು ಅತಿಯಾದಾಗ ‘ಬರೀ ಅಂತೆಕಂತೆ’ ಎಂದು ತಳ್ಳಿಹಾಕುತ್ತೇವೆ. ಅಚ್ಚಿಗೆ ಹೋಗುವಾಗ ಇದೇ ‘ಅಂತೆ’ ಪಂಚೆಯುಟ್ಟು ಶಲ್ಯ ಹೊದ್ದು ‘ಎನ್ನಲಾಗಿದೆ’ ಆಗಿಬಿಡುತ್ತದೆ. ಕೇಳಿದ ಮಾತಿಗೆ ಇಲ್ಲದ ಗಾಂಭೀರ್ಯ ಬರುತ್ತದೆ.

ಪತ್ರಿಕೋದ್ಯಮ ಡಿಪ್ಲೊಮಾದ ಮೊದಲ ಪಾಠಗಳಲ್ಲೇ ಆರು ಪ್ರಶ್ನೆ ಬಾಯಿಪಾಠ ಮಾಡಿಸುತ್ತಾರೆ: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಕೆಲಸಕ್ಕೆ ಸೇರಿದ ಮೇಲೆ ಡೆಸ್ಕಿನ ಹಿರಿಯ ಉಪಸಂಪಾದಕರಿಂದ ಏಳನೆಯದು ಕಲಿಯಬೇಕಾಗುತ್ತದೆ: ‘ಹೇಳಿದ್ದು ಯಾರು?’ ಕೊಲೆ ನಡೆದ ಸಂಜೆಯೇ ಯಾರು, ಎಲ್ಲಿ, ಯಾವಾಗ ಎಂಬುದು ಗೊತ್ತಾಗಿರುತ್ತದೆ. ‘ಏಕೆ’ ಎಂಬುದು ಗೊತ್ತಾಗುವುದು ತನಿಖೆ ಮುಗಿದ ಮೇಲೆ. ಕೆಲವೊಮ್ಮೆ ಎಂದಿಗೂ ಇಲ್ಲ. ಆದರೆ ಪುಟ ರಾತ್ರಿಯೇ ಹೋಗಬೇಕು. ಆ ಖಾಲಿ ಜಾಗಕ್ಕೆ ‘ಎನ್ನಲಾಗಿದೆ’ ಬಂದು ಕೂರುತ್ತದೆ.

ಈ ಪದ ಬಳಸಿದರೆ ಕೇಸಿನಿಂದ ಪಾರಾಗಬಹುದು ಎಂಬ ನಂಬಿಕೆಯೂ ಇದೆ. ಕಾನೂನು ಹಾಗೆ ಹೇಳುವುದಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 499ನೇ ಕಲಂನಲ್ಲಿ ಮಾನಹಾನಿಯ ಮಾತನ್ನು ಆಡುವುದರ ಜೊತೆಗೆ ಪ್ರಕಟಿಸುವುದೂ ಸೇರಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲೂ ಸೇರಿದೆ. ಬೇರೆಯವರು ಹೇಳಿದ್ದನ್ನೇ ಬರೆದೆವು ಎಂದ ಮಾತ್ರಕ್ಕೆ ಪ್ರಕಟಿಸಿದವರ ಹೊಣೆ ಇಳಿಯುವುದಿಲ್ಲ.

ಏಳನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಏನಾಗುತ್ತದೆ? ಪತ್ರಿಕೋದ್ಯಮದ ತರಗತಿಗಳಲ್ಲಿ ಇದಕ್ಕೆ ಮತ್ತೆ ಮತ್ತೆ ಉದಾಹರಿಸುವ ಪ್ರಕರಣ ಅಮೆರಿಕದ್ದು. 1980ರ ಸೆಪ್ಟೆಂಬರ್ 28ರ ಭಾನುವಾರ ‘ವಾಷಿಂಗ್ಟನ್ ಪೋಸ್ಟ್’ ಮುಖಪುಟದಲ್ಲಿ ಒಂದು ವರದಿ ಬಂತು. ‘ಜಿಮ್ಮಿಯ ಲೋಕ’ ಎಂಬರ್ಥದ ತಲೆಬರಹ. ಜಿಮ್ಮಿಗೆ ಎಂಟು ವರ್ಷ. ಆಗಲೇ ಹೆರಾಯಿನ್ ದಾಸ. ತಾಯಿಯ ಜೊತೆಗಾರನೇ ಆ ಪುಟ್ಟ ತೋಳಿಗೆ ಸೂಜಿ ಚುಚ್ಚುತ್ತಾನೆ. ಮನೆಯ ಪೀಠೋಪಕರಣ, ಹುಡುಗನ ಕೂದಲು, ಕಣ್ಣಿನ ಬಣ್ಣ ಎಲ್ಲವೂ ವರದಿಯಲ್ಲಿದ್ದವು. ಬರೆದವಳು 26 ವರ್ಷದ ವರದಿಗಾರ್ತಿ ಜಾನೆಟ್ ಕುಕ್. ಹುಡುಗನ ನಿಜವಾದ ಹೆಸರಾಗಲಿ ವಿಳಾಸವಾಗಲಿ ಇರಲಿಲ್ಲ.

ಊರಿಗೆ ಊರೇ ತಳಮಳಿಸಿತು. ಮೇಯರ್ ಮರಿಯನ್ ಬ್ಯಾರಿ ಹುಡುಗನನ್ನು ಹುಡುಕಲು ಆದೇಶಿಸಿದರು. ಪೊಲೀಸರು, ಶಾಲೆಯವರು, ಸಮಾಜ ಕಾರ್ಯಕರ್ತರು ಬೀದಿ ಬೀದಿ ಜಾಲಾಡಿದರು. ವಿಳಾಸ ಕೊಡಿ ಎಂದು ಪತ್ರಿಕೆಯನ್ನು ಕೇಳಿದರೆ, ಮೂಲದ ಗುಟ್ಟು ಕಾಯುವುದು ನಮ್ಮ ಧರ್ಮ ಎಂಬ ಉತ್ತರ ಬಂತು. ಎಂಟು ವರ್ಷದ ಮಗು ಸಾಯುತ್ತಿದೆ ಎಂದು ಪತ್ರಿಕೆಯೇ ಬರೆದಿದೆ. ಅದು ಎಲ್ಲಿದೆ ಎಂದು ಪತ್ರಿಕೆಯೇ ಹೇಳುವುದಿಲ್ಲ. ಈ ವಿಚಿತ್ರ ಆಗಲೇ ಸಂಪಾದಕರಿಗೆ ಚುಚ್ಚಬೇಕಿತ್ತು. ಹುಡುಗ ಸಿಗಲಿಲ್ಲ.

ಸಿಗುವಂತೆಯೂ ಇರಲಿಲ್ಲ. ಅಂಥ ಹುಡುಗನೇ ಇರಲಿಲ್ಲ. ಆರಂಭ ಒಂದು ‘ಅಂತೆ’ಯಿಂದ: ಹೆರಾಯಿನ್ ಹಾವಳಿಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಕುಕ್, ಎಂಟು ವರ್ಷದ ವ್ಯಸನಿಯೊಬ್ಬ ಇದ್ದಾನಂತೆ ಎಂದು ನಗರ ಸಂಪಾದಕ ಮಿಲ್ಟನ್ ಕೋಲ್ಮನ್‌ಗೆ ತಿಳಿಸಿದಳು. ಅದು ಮುಖಪುಟದ ಸುದ್ದಿ, ಅವನನ್ನು ಪತ್ತೆ ಮಾಡು ಎಂದರು ಅವರು. ಕೆಲ ವಾರಗಳಲ್ಲಿ ಆಕೆ ಪತ್ತೆ ಮಾಡಿಬಿಟ್ಟಳು! ಹೆಸರು ಹೊರಬಿದ್ದರೆ ಮಾದಕ ವಸ್ತು ಮಾರುವವ ತನ್ನ ಜೀವ ತೆಗೆಯುತ್ತಾನೆ ಎಂದೂ ಹೇಳಿದಳು. ಕೋಲ್ಮನ್ ಹೆಸರು ಕೇಳಲಿಲ್ಲ. ಅವರ ಮೇಲಿದ್ದ ಬಾಬ್ ವುಡ್‌ವರ್ಡ್ ಕೇಳಲಿಲ್ಲ. ಪತ್ರಿಕೆಯ ಮುಖ್ಯಸ್ಥ ಬೆನ್ ಬ್ರಾಡ್ಲಿಯೂ ಕೇಳಲಿಲ್ಲ. ಒಬ್ಬರು ಕೇಳಿರುತ್ತಾರೆ ಎಂದು ಇನ್ನೊಬ್ಬರು ನಂಬಿದ್ದರು.

ಅನುಮಾನ ಯಾರಿಗೂ ಬರಲಿಲ್ಲ ಎಂದಲ್ಲ. ಸಹೋದ್ಯೋಗಿ ವರದಿಗಾರರೊಬ್ಬರು ಆಕೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಅದೇ ಬಡಾವಣೆ ಸುತ್ತಿದರು. ತಾನೇ ಹೋಗಿಬಂದ ಮನೆ ಯಾವುದೆಂದು ತೋರಿಸಲು ಆಕೆಗೆ ಆಗಲಿಲ್ಲ. ಅವರು ಅದನ್ನು ಮೇಲಿನವರಿಗೆ ತಿಳಿಸಿದರು. ಹೊಟ್ಟೆಕಿಚ್ಚಿರಬಹುದು ಎಂದು ಮಾತು ಅಲ್ಲೇ ನಿಂತಿತು. ವರದಿಯನ್ನು ಪುಲಿಟ್ಜರ್ ಪ್ರಶಸ್ತಿಗೆ ಕಳುಹಿಸಲಾಯಿತು (ಕಳುಹಿಸಿದವರು ಪತ್ರಿಕೆಯ ಸಂಪಾದಕರೇ ಎಂದು ಇಲ್ಲಿ ಸೇರಿಸುವುದು ಒಳ್ಳೆಯದು, ಕರ್ತೃವಿಲ್ಲದ ವಾಕ್ಯ ನನ್ನ ಕೈಯಿಂದಲೂ ಎಷ್ಟು ಸಲೀಸಾಗಿ ಬರುತ್ತದೆ ನೋಡಿ). 1981ರ ಏಪ್ರಿಲ್ 13ರಂದು ಪ್ರಶಸ್ತಿಯೂ ಬಂತು.

ಸುಳ್ಳು ಹೊರಬಿದ್ದದ್ದು ಹುಡುಗನಿಂದಲ್ಲ, ವರದಿಗಾರ್ತಿಯ ಪರಿಚಯ ಪತ್ರದಿಂದ. ಪ್ರಶಸ್ತಿ ಪಡೆದವರ ವಿವರ ಸುದ್ದಿಸಂಸ್ಥೆಯ ಮೂಲಕ ಎಲ್ಲೆಡೆ ಹೋಯಿತು. ಆಕೆ ಹಿಂದೆ ಕೆಲಸ ಮಾಡಿದ್ದ ‘ಟೊಲೆಡೊ ಬ್ಲೇಡ್’ ಪತ್ರಿಕೆಯವರಿಗೆ ಅದು ತಮ್ಮ ಕಡತಕ್ಕೆ ತಾಳೆಯಾಗಲಿಲ್ಲ. ವಾಸರ್ ಕಾಲೇಜಿನ ಪದವಿ ಎಂದಿತ್ತು. ಪದವಿ ಪಡೆದದ್ದು ಟೊಲೆಡೊ ವಿಶ್ವವಿದ್ಯಾಲಯದಲ್ಲಿ. ಬಲ್ಲೆನೆಂದು ಹೇಳಿಕೊಂಡ ಭಾಷೆಗಳನ್ನು ಬ್ರಾಡ್ಲಿ ಪರೀಕ್ಷಿಸಿದರು. ಫ್ರೆಂಚ್ ಮಾತನಾಡಲು ಆಕೆಗೆ ಬರಲಿಲ್ಲ. ಆರು ತಿಂಗಳ ಹಿಂದೆ ಕೇಳಬೇಕಿದ್ದ ಪ್ರಶ್ನೆಗಳನ್ನು ಆಗ ರಾತ್ರಿಯೆಲ್ಲ ಕೇಳಿದರು. ಏಪ್ರಿಲ್ 15ರ ಬೆಳಗಿನ ಜಾವ ಆಕೆ ಒಪ್ಪಿಕೊಂಡಳು, ರಾಜೀನಾಮೆ ಕೊಟ್ಟಳು. ಪತ್ರಿಕೆ ಪ್ರಶಸ್ತಿ ಹಿಂದಿರುಗಿಸಿತು.

ಇಷ್ಟೇ ಆಗಿದ್ದರೆ ಇದು ಒಬ್ಬ ವರದಿಗಾರ್ತಿಯ ಮೋಸದ ಕಥೆಯಾಗಿ ಮರೆತುಹೋಗುತ್ತಿತ್ತು. ನನ್ನ ಮಟ್ಟಿಗೆ ಇದರಲ್ಲಿ ಓದಬೇಕಾದ ಬರಹ ಜಿಮ್ಮಿಯದ್ದಲ್ಲ, ಅದರ ನಂತರದ್ದು. ಓದುಗರ ಪರವಾಗಿ ಪತ್ರಿಕೆಯನ್ನೇ ಪ್ರಶ್ನಿಸಲು ‘ಪೋಸ್ಟ್’ 1970ರಿಂದ ಒಬ್ಬ ಒಂಬುಡ್ಸ್‌ಮನ್‌ನನ್ನು ಇರಿಸಿಕೊಂಡಿತ್ತು. ಆಗ ಆ ಹುದ್ದೆಯಲ್ಲಿದ್ದವರು ಬಿಲ್ ಗ್ರೀನ್. ಅವರು ಸಂಪಾದಕರನ್ನೂ ವರದಿಗಾರರನ್ನೂ ಒಬ್ಬೊಬ್ಬರಾಗಿ ಕೂರಿಸಿ ಕೇಳಿ, ನಾಲ್ಕೇ ದಿನದಲ್ಲಿ ಉದ್ದನೆಯ ವರದಿ ಬರೆದರು. ಏಪ್ರಿಲ್ 19ರಂದು ಅದು ಅದೇ ಪತ್ರಿಕೆಯ ಮುಖಪುಟದಲ್ಲಿ ಆರಂಭವಾಗಿ ಒಳಪುಟಗಳಿಗೆ ಹರಿಯಿತು. ಯಾವ ದಿನ ಯಾರು ಯಾರಿಗೆ ಏನು ಹೇಳಿದರು, ಯಾರ ಅನುಮಾನವನ್ನು ಯಾರು ತಳ್ಳಿಹಾಕಿದರು ಎಂಬುದನ್ನೆಲ್ಲ ಹೆಸರು ಸಮೇತ ಬಿಚ್ಚಿಟ್ಟರು. ದೋಷ ಕುಕ್‌ಳದ್ದು ಮಾತ್ರವಲ್ಲ, ಪ್ರಶ್ನಿಸದ ಸಂಪಾದಕರದ್ದೂ ಹೌದು, ಪ್ರಶಸ್ತಿಯ ಹಪಾಹಪಿಯೂ ಇದರಲ್ಲಿದೆ ಎಂಬುದು ಅವರ ತೀರ್ಮಾನ. ಸುದ್ದಿಯ ವಿಮರ್ಶೆ ಎಂದರೆ ‘ಮಾಧ್ಯಮದವರೆಲ್ಲ ಹೀಗೇ’ ಎಂಬ ಬೈಗುಳವಲ್ಲ, ಒಂದು ವರದಿ ಯಾವ ಮೇಜಿನಿಂದ ಯಾವ ಮೇಜಿಗೆ ಹೇಗೆ ಸಾಗಿತು ಎಂಬ ಲೆಕ್ಕ ತೆಗೆಯುವುದು ಎಂದು ನಾನು ತಿಳಿದದ್ದು ಈ ಪ್ರಕರಣದಿಂದ.

ಹಾಗಾದರೆ ಹೆಸರು ಹೇಳದ ಮೂಲವೇ ಕೂಡದೆ? ಇದೇ ಬಾಬ್ ವುಡ್‌ವರ್ಡ್, ಕಾರ್ಲ್ ಬರ್ನ್‌ಸ್ಟೀನ್ ಜೊತೆ ವಾಟರ್‌ಗೇಟ್ ಹಗರಣವನ್ನು ಬೆನ್ನಟ್ಟಿದ ವರದಿಗಾರ. ಅಧ್ಯಕ್ಷ ನಿಕ್ಸನ್ 1974ರಲ್ಲಿ ರಾಜೀನಾಮೆ ಕೊಟ್ಟ ಆ ಪ್ರಕರಣದಲ್ಲೂ ಒಬ್ಬ ಗುಪ್ತ ಮೂಲವಿತ್ತು. ಅದು ಎಫ್‌ಬಿಐ ಅಧಿಕಾರಿ ಮಾರ್ಕ್ ಫೆಲ್ಟ್ ಎಂದು ಜಗತ್ತಿಗೆ ತಿಳಿದದ್ದು 2005ರಲ್ಲಿ. ಆದರೆ ಅಲ್ಲಿ ಆ ಮೂಲದ ಮಾತನ್ನು ಬೇರೆ ವ್ಯಕ್ತಿಗಳಿಂದ, ದಾಖಲೆಗಳಿಂದ ತಾಳೆ ನೋಡುತ್ತಿದ್ದರು. ಜಿಮ್ಮಿಯ ವಿಷಯದಲ್ಲಿ ತಾಳೆ ನೋಡಲು ಇನ್ನೊಂದು ಕೊನೆಯೇ ಇರಲಿಲ್ಲ. ಮೂಲದ ಹೆಸರು ಓದುಗರಿಗೆ ತಿಳಿಯದಿರಬಹುದು, ಕನಿಷ್ಠ ಒಬ್ಬ ಸಂಪಾದಕನಿಗಾದರೂ ತಿಳಿದಿರಲೇಬೇಕು ಎಂಬ ಕಟ್ಟುನಿಟ್ಟು ಅಮೆರಿಕದ ಪತ್ರಿಕೆಗಳಲ್ಲಿ ಬಲವಾದದ್ದು ಇದರ ನಂತರ.

ಅಚ್ಚಿನಲ್ಲಿ ಸುಳ್ಳು ಬರೆಯಬಹುದು, ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುವವರಿದ್ದಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಹಿರಿಯರ ಗಾದೆಯ ಬೆಲೆ ಟಿ.ವಿ. ಬಂದ ಮೇಲೆ ಹೆಚ್ಚಾಗಿದೆ. 2007ರ ಆಗಸ್ಟ್ 30ರಂದು ‘ಲೈವ್ ಇಂಡಿಯಾ’ ಎಂಬ ಹಿಂದಿ ವಾಹಿನಿ ಗುಪ್ತ ಕ್ಯಾಮೆರಾ ಕಾರ್ಯಾಚರಣೆಯೊಂದನ್ನು ಬಿತ್ತರಿಸಿತು. ದಿಲ್ಲಿಯ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ವಿದ್ಯಾರ್ಥಿನಿಯರನ್ನು ವೇಶ್ಯಾವಾಟಿಕೆಗೆ ತಳ್ಳುತ್ತಿದ್ದಾರೆ ಎಂಬುದು ಸುದ್ದಿ. ಶಾಲೆಯ ಮುಂದೆ ಜನ ನುಗ್ಗಿದರು. ಶಿಕ್ಷಕಿಯನ್ನು ಹೊಡೆದರು, ಬಟ್ಟೆ ಹರಿದರು. ಆ ದೃಶ್ಯವೂ ಮತ್ತೆ ಮತ್ತೆ ಟಿ.ವಿ.ಯಲ್ಲಿ ಬಂತು. ಪೊಲೀಸರು ಆಕೆಯನ್ನೇ ಬಂಧಿಸಿದರು. ತನಿಖೆ ನಡೆದಾಗ, ಪರದೆಯ ಮೇಲಿನ ‘ವಿದ್ಯಾರ್ಥಿನಿ’ ಆ ಶಾಲೆಯವಳೇ ಅಲ್ಲ, ಪತ್ರಕರ್ತೆಯಾಗಲು ಹೊರಟಿದ್ದ ಯುವತಿ ಎಂಬುದು ಗೊತ್ತಾಯಿತು. ವರದಿಗಾರನ ಬಂಧನವಾಯಿತು, ಕೇಂದ್ರ ಸರ್ಕಾರ ವಾಹಿನಿಯ ಪ್ರಸಾರವನ್ನು ಒಂದು ತಿಂಗಳು ತಡೆಹಿಡಿಯಿತು. ಸ್ವಯಂಪ್ರೇರಿತವಾಗಿ ವಿಚಾರಣೆ ನಡೆಸಿದ ದಿಲ್ಲಿ ಹೈಕೋರ್ಟ್, ಜನರನ್ನು ಪುಸಲಾಯಿಸಿ ಬಲೆಗೆ ಬೀಳಿಸುವ ಇಂಥ ಕಾರ್ಯಾಚರಣೆಗೆ ಅವಕಾಶವಿಲ್ಲ ಎಂದು ಅದೇ ಡಿಸೆಂಬರಿನಲ್ಲಿ ಹೇಳಿತು. ಬಿತ್ತರಿಸುವ ಮುನ್ನ ಯಾರಾದರೂ ಶಾಲೆಯ ಹಾಜರಿ ಪುಸ್ತಕವನ್ನೊಮ್ಮೆ ನೋಡಿದ್ದರೆ ಸಾಕಿತ್ತು.

ಪತ್ರಿಕೆಗೂ ವಾಹಿನಿಗೂ ಡೆಸ್ಕ್ ಎಂಬುದೊಂದಾದರೂ ಇದೆ. ಮೊಬೈಲಿಗೆ ಅದೂ ಇಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ದೇಶದ ತುಂಬ ಹರಿದಾಡಿತು. ಬೈಕಿನಲ್ಲಿ ಬಂದವರು ಬೀದಿಯಿಂದ ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಜನಜಾಗೃತಿಗಾಗಿ ತಯಾರಿಸಿದ ಕಿರುಚಿತ್ರ. ಕೊನೆಯಲ್ಲಿ ಅವರು ಮಗುವನ್ನು ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ‘ಎಡಿಟಿಂಗ್’ ಎಂದರೆ ಅದೂ ಹೌದು! ಆ ವರ್ಷದ ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಕೆಂಪು ಕಾರಿನಲ್ಲಿ ಬರುತ್ತಿದ್ದಾರೆ ಎಂಬ ಸಂದೇಶ ಅವರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ದಾರಿ ಅಡ್ಡಗಟ್ಟಿ ಹೊಡೆದರು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಬೇರೆಡೆಯಿಂದ ಬಂದ ಸಂದೇಶಗಳಿಗೆ ‘ಫಾರ್ವರ್ಡೆಡ್’ ಎಂಬ ಗುರುತು ಹಾಕುವ ವ್ಯವಸ್ಥೆಯನ್ನು ವಾಟ್ಸ್‌ಆ್ಯಪ್ ತಂದು ಆಗ ಮೂರೇ ದಿನವಾಗಿತ್ತು. ‘ಫಾರ್ವರ್ಡೆಡ್’ ಎಂದರೆ ನಮ್ಮ ‘ಅಂತೆ’ಯೇ.

ಮತ್ತೆ ನಮ್ಮ ಪುಟಗಳಿಗೆ ಬಂದರೆ, ತಿದ್ದಬೇಕಾದ್ದು ಬಹಳ ಸಲ ಒಂದೇ ಪದವಾಗಿರುತ್ತದೆ. ಪೊಲೀಸರು ಹಿಡಿದವನು ಆರೋಪಿ; ನ್ಯಾಯಾಲಯ ತೀರ್ಪು ಕೊಟ್ಟ ಮೇಲಷ್ಟೇ ಅಪರಾಧಿ. ‘ಕುಖ್ಯಾತ ಕಳ್ಳನ ಬಂಧನ’ ಎಂಬ ತಲೆಬರಹ ಬಂಧನದ ದಿನವೇ ತೀರ್ಪು ಕೊಟ್ಟುಬಿಡುತ್ತದೆ. ‘ಕಳವು ಆರೋಪ: ಒಬ್ಬನ ಬಂಧನ’ ಎಂದರೆ ಹೋಗುವುದು ಒಂದಿಷ್ಟು ರಂಗು, ಅಷ್ಟೆ. ಪೊಲೀಸರು ಹೇಳಿದ್ದಾದರೆ ‘ಎಂದು ಪೊಲೀಸರು ತಿಳಿಸಿದ್ದಾರೆ’ ಎಂದೇ ಬರೆಯಬಹುದು. ಆ ಮನೆಯವರು ಏನೆನ್ನುತ್ತಾರೆ ಎಂಬ ಒಂದು ಸಾಲು ಸೇರಿದರೆ ಇನ್ನೂ ಒಳ್ಳೆಯದು. ಕಾರಣ ಗೊತ್ತಿಲ್ಲದಿದ್ದರೆ ‘ಕಾರಣ ತಿಳಿದುಬಂದಿಲ್ಲ’ ಎನ್ನುವುದರಲ್ಲಿ ನಾಚಿಕೆಯೇನಿಲ್ಲ.

ಓದುಗರೂ ಈ ಕೆಲಸಕ್ಕೆ ಕೈಹಾಕಬಹುದು. ‘ದಿ ಹಿಂದೂ’ 2006ರಲ್ಲಿ ಓದುಗರ ಸಂಪಾದಕರನ್ನು ನೇಮಿಸಿತು. ಅಂಥ ಹುದ್ದೆಯಿಲ್ಲದ ಪತ್ರಿಕೆಗೂ ಸಂಪಾದಕರಂತೂ ಇದ್ದೇ ಇರುತ್ತಾರೆ. ಅವರಿಗೆ ಬರೆದೂ ಫಲ ಸಿಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಮಂಡಳಿ ದಂಡ ಹಾಕಲಾರದು, ಎಚ್ಚರಿಕೆ ಕೊಡಬಲ್ಲದು, ಖಂಡಿಸಬಲ್ಲದು, ಟಿ.ವಿ. ಅದರ ವ್ಯಾಪ್ತಿಗೆ ಬರುವುದಿಲ್ಲ. ದಿನಪತ್ರಿಕೆಯ ವಿರುದ್ಧದ ದೂರು ಸುದ್ದಿ ಪ್ರಕಟವಾದ ಎರಡು ತಿಂಗಳೊಳಗೆ ತಲುಪಬೇಕು, ಮೊದಲು ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೊತೆಗಿರಬೇಕು. ಆ ಪತ್ರದಲ್ಲಿ ದಿನಾಂಕ, ಪುಟ ಮತ್ತು ತಕರಾರಿರುವ ವಾಕ್ಯವನ್ನು ಹಾಗೆಯೇ ಬರೆದುಕೊಟ್ಟರೆ ಡೆಸ್ಕಿನವರಿಗೆ ಹುಡುಕಲು ಸುಲಭ.