ಇಪ್ಪತ್ತೇಳು ಕುರ್ಚಿ, ಒಂದು ಪ್ರಶ್ನೆ

2025ರ ಮಾರ್ಚ್ 26ರಂದು ಮಾರ್ವೆಲ್ ಸ್ಟುಡಿಯೋಸ್ ಅಭಿಮಾನಿಗಳಿಗೆ ಕುರ್ಚಿಗಳನ್ನು ತೋರಿಸಿತು. ಚಿತ್ರೀಕರಣದ ಜಾಗದಲ್ಲಿ ನಟರಿಗೆ ಹಾಕುವ, ಬೆನ್ನಿನ ಬಟ್ಟೆಯ ಮೇಲೆ ಹೆಸರು ಬರೆದ ಕುರ್ಚಿಗಳು. ನೇರ ಪ್ರಸಾರದಲ್ಲಿ ಕ್ಯಾಮೆರಾ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಯುತ್ತಾ ಹೋಯಿತು. ಮೊದಲು ಕ್ರಿಸ್ ಹೆಮ್ಸ್‌ವರ್ತ್. ಸಾಕಷ್ಟು ಹೊತ್ತಿನ ಮೇಲೆ ಮತ್ತೊಂದು ಹೆಸರು. ಹೀಗೆ ಐದು ಗಂಟೆಗೂ ಹೆಚ್ಚು ಕಾಲ, 27 ಹೆಸರು. ಕೊನೆಯಲ್ಲಿ ರಾಬರ್ಟ್ ಡೌನಿ ಜೂನಿಯರ್ ಖುದ್ದಾಗಿ ಬಂದು ಕಾಣಿಸಿಕೊಂಡರು. ‘ಅವೆಂಜರ್ಸ್: ಡೂಮ್ಸ್‌ಡೇ’ ಚಿತ್ರದ ತಾರಾಗಣವನ್ನು ಲೋಕಕ್ಕೆ ಸಾರಿದ ಬಗೆ ಇದು. ಕಥೆಯ ಒಂದೇ ಒಂದು ಎಳೆಯೂ ಅದರಲ್ಲಿ ಇರಲಿಲ್ಲ. ಆದರೂ ಜನ ಕೂತು ನೋಡಿದರು. 2000ದ ‘ಎಕ್ಸ್-ಮೆನ್’ ಕಾಲದ ಪ್ಯಾಟ್ರಿಕ್ ಸ್ಟೀವರ್ಟ್, ಇಯಾನ್ ಮೆಕೆಲನ್ ಹೆಸರು ಬಂದಾಗ ಹಿಗ್ಗಿದರು, ತಮ್ಮ ನೆಚ್ಚಿನವರ ಹೆಸರು ಬಾರದಿದ್ದಾಗ ಪೆಚ್ಚಾದರು.

ಸೂಪರ್‌ಹೀರೋ ಚಿತ್ರಗಳ ಮುಂದಿನ ಭಾಗಕ್ಕೆ ಕಾಯುವವರ ಪ್ರಶ್ನೆಯೇ ಬದಲಾಗಿದೆ ಎಂಬುದು ಆ ದಿನ ನಿಚ್ಚಳವಾಯಿತು. ‘ಮುಂದೇನಾಗುತ್ತೆ?’ ಎಂದು ಕೇಳುತ್ತಿದ್ದವರು ಈಗ ‘ಯಾರ್ಯಾರು ಬರ್ತಾರೆ?’ ಎಂದು ಕೇಳುತ್ತಿದ್ದಾರೆ. ಎರಡನೆಯ ಪ್ರಶ್ನೆ ಮೊದಲನೆಯದನ್ನು ನುಂಗಿಹಾಕುತ್ತಿದೆ ಎಂಬುದು ಈ ಚಿತ್ರಗಳನ್ನು ಮನಸಾರೆ ಮೆಚ್ಚುವ ನನ್ನ ಆತಂಕ.

2018ರ ಏಪ್ರಿಲ್ ನೆನಪಿಸಿಕೊಳ್ಳಿ. ಅವೆಂಜರ್ಸ್ ಸರಣಿಯ ‘ಇನ್ಫಿನಿಟಿ ವಾರ್’ನ ಕೊನೆಗೆ ಥಾನೋಸ್ ಚಿಟಿಕೆ ಹೊಡೆದ, ಜೀವಕೋಟಿಯ ಅರ್ಧ ಪಾಲು ಬೂದಿಯಾಯಿತು. ಸ್ಪೈಡರ್‌ಮ್ಯಾನ್ ಪೀಟರ್ ಪಾರ್ಕರ್ ಐರನ್‌ಮ್ಯಾನ್ ಟೋನಿ ಸ್ಟಾರ್ಕ್‌ನ ತೋಳಿನಲ್ಲೇ ಕರಗಿಹೋದ. ಖಳ ಗೆದ್ದು ಕೂತ. ದೀಪ ಹತ್ತಿತು, ಜನ ಎದ್ದು ಮನೆಗೆ ಹೋಗಬೇಕು. ಮುಂದಿನ ಭಾಗ ‘ಎಂಡ್‌ಗೇಮ್’ ಬಂದದ್ದು 2019ರ ಏಪ್ರಿಲ್ 26ಕ್ಕೆ. ನಡುವಿನ ಆ ಒಂದು ವರ್ಷ ಅಭಿಮಾನಿಗಳು ನಡೆಸಿದ ತರ್ಕವನ್ನು ನಾನು ಈಗಲೂ ಮೆಚ್ಚುತ್ತೇನೆ. ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್ 1,40,00,605 ಭವಿಷ್ಯಗಳನ್ನು ನೋಡಿ, ಒಂದರಲ್ಲಿ ಮಾತ್ರ ಗೆಲುವಿದೆ ಎಂದಿದ್ದ. ಅಂಥವನು ಕಾಲದ ಮಣಿಯನ್ನು ಥಾನೋಸ್‌ಗೆ ಒಪ್ಪಿಸಿದ್ದೇಕೆ? ಟೋನಿಯ ಜೀವ ಉಳಿಸಲು. ಹಾಗಿದ್ದರೆ ಆ ಒಂದು ಗೆಲುವಿಗೆ ಟೋನಿ ಬದುಕಿರಲೇಬೇಕು, ಪ್ರಾಯಶಃ ಸಾಯಲಿಕ್ಕೆಂದೇ ಬದುಕಿರಬೇಕು. ಕ್ವಾಂಟಮ್ ಲೋಕದಲ್ಲಿ ಸಿಲುಕಿದ ಆಂಟ್‌ಮ್ಯಾನ್ ಹೊರಬಂದರೆ ಕಾಲವನ್ನೇ ಹಿಂದಕ್ಕೆ ದಾಟಬಹುದು. ಇಷ್ಟನ್ನೂ ಚಿತ್ರ ಬರುವ ಮೊದಲೇ ಊಹಿಸಿದವರು ಹಲವರಿದ್ದರು. ಊಹೆ ನಿಜವಾಯಿತು, ಆದರೂ ಟೋನಿ ಸತ್ತಾಗ ಅವರೂ ಅತ್ತರು. ಏನಾಗುತ್ತದೆ ಎಂದು ಸರಿಯಾಗಿ ಊಹಿಸಿದವನಿಗೆ ಅದು ಹೇಗಾಗುತ್ತದೆ ಎಂದು ನೋಡುವ ಸುಖ ಉಳಿದೇ ಇರುತ್ತದೆ. ಚಿತ್ರ ಸುಮಾರು 280 ಕೋಟಿ ಡಾಲರ್ ಗಳಿಸಿದ್ದರ ಹಿಂದೆ ಆ ಒಂದು ವರ್ಷದ ತಲೆಕೆಡಿಸಿಕೊಳ್ಳುವಿಕೆಯ ಪಾಲು ಸಣ್ಣದಲ್ಲ.

ಈ ಚಟ ಸಿನಿಮಾಕ್ಕಿಂತ ಹಳೆಯದು. 1960ರ ದಶಕದಲ್ಲಿ ಮಾರ್ವೆಲ್ ಕಾಮಿಕ್ಸ್‌ನ ಸಂಪಾದಕ ಸ್ಟ್ಯಾನ್ ಲೀ ಓದುಗರ ಪತ್ರಗಳಿಗೆ ಪುಟ ಮೀಸಲಿಟ್ಟರು. ಕಥೆಯಲ್ಲಿ ನುಸುಳಿದ ತಪ್ಪನ್ನು ಹುಡುಕಿ, ಅದು ತಪ್ಪೇ ಅಲ್ಲ ಎಂದು ಜಾಣತನದಿಂದ ಸಮರ್ಥಿಸುವ ಓದುಗರಿಗೆ ‘ನೋ-ಪ್ರೈಜ್’ ಎಂಬ ಬಹುಮಾನವಿತ್ತು. ಅಂಚೆಯಲ್ಲಿ ಬರುತ್ತಿದ್ದದ್ದು ಖಾಲಿ ಲಕೋಟೆ. ಆ ಲಕೋಟೆಗಾಗಿ ಹುಡುಗರು ಹಂಬಲಿಸುತ್ತಿದ್ದರು. ಕಥೆಯನ್ನು ಕಟ್ಟುವುದರಲ್ಲಿ ನನಗೂ ಒಂದು ಕೈ ಇದೆ ಎಂಬ ಭಾವನೆಗೆ ಅವರು ಮನಸೋತಿದ್ದರು.

ಆ ಕೈ ಎಷ್ಟು ದೂರ ಚಾಚಬಹುದು ಎಂಬುದಕ್ಕೆ 1988ರ ಒಂದು ಪ್ರಸಂಗವಿದೆ. ಡಿಸಿ ಕಾಮಿಕ್ಸ್‌ನ ಕಥೆಯೊಂದರಲ್ಲಿ ಬ್ಯಾಟ್‌ಮ್ಯಾನ್‌ನ ಕಿರಿಯ ಜೊತೆಗಾರ, ಎರಡನೆಯ ರಾಬಿನ್ ಜೇಸನ್ ಟಾಡ್, ಜೋಕರ್ ಇಟ್ಟ ಬಾಂಬಿನ ಸ್ಫೋಟದಲ್ಲಿ ಸಿಕ್ಕಿಬಿದ್ದ. ಅವನು ಬದುಕಬೇಕೋ ಬೇಡವೋ ಎಂದು ಫೋನ್ ಮಾಡಿ ತಿಳಿಸಿ ಎಂದು ಪ್ರಕಾಶಕರು ಎರಡು ನಂಬರ್ ಕೊಟ್ಟರು. ಸಾಯಲಿ ಎಂದವರು 5,343. ಬದುಕಲಿ ಎಂದವರು 5,271. ಕೇವಲ 72 ಕರೆಗಳ ಅಂತರದಲ್ಲಿ ಹುಡುಗ ಸತ್ತ. ಕಥೆ ಬರೆದವರು ಜಿಮ್ ಸ್ಟಾರ್ಲಿನ್. ಥಾನೋಸ್‌ನನ್ನು ಸೃಷ್ಟಿಸಿದವರೂ ಅವರೇ. ಅಭಿಮಾನಿ ಊಹಿಸಬೇಕು, ಬಯಸಬೇಕು, ಜಗಳವಾಡಬೇಕು. ತೀರ್ಪು ಮಾತ್ರ ಬರೆಯುವವರ ಕೈಯಲ್ಲೇ ಇರಬೇಕು. ಆ ಮತ ಎಣಿಕೆಯನ್ನು ಓದಿದಾಗೆಲ್ಲ ನನಗೆ ಹಾಗೆಯೇ ಅನಿಸುತ್ತದೆ.

‘ಯಾರು’ ಎಂಬ ಪ್ರಶ್ನೆಗೆ ಪಟ್ಟ ಕಟ್ಟಿದ್ದು 2021ರ ಡಿಸೆಂಬರ್‌ನ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’. ಹಳೆಯ ಇಬ್ಬರು ಸ್ಪೈಡರ್‌ಮ್ಯಾನ್‌ಗಳಾದ ಟೋಬಿ ಮಗ್ವೈರ್, ಆಂಡ್ರ್ಯೂ ಗಾರ್ಫೀಲ್ಡ್ ಬರುತ್ತಾರೆಯೇ ಎಂದು ತಿಂಗಳುಗಟ್ಟಲೆ ಚರ್ಚೆ. ಗಾರ್ಫೀಲ್ಡ್ ಸಂದರ್ಶನದಿಂದ ಸಂದರ್ಶನಕ್ಕೆ ಇಲ್ಲವೆನ್ನುತ್ತಲೇ ಹೋದರು. ಟ್ರೇಲರ್‌ನ ಬ್ರೆಜಿಲ್ ಆವೃತ್ತಿಯಲ್ಲಿ ಖಳ ಹಲ್ಲಿಮಾನವನ ಮುಖ ಯಾರೋ ಒದ್ದಂತೆ ಪಕ್ಕಕ್ಕೆ ತಿರುಗುತ್ತದೆ, ಒದ್ದವರು ಮಾತ್ರ ಕಾಣುವುದಿಲ್ಲ. ಅಲ್ಲಿದ್ದವರನ್ನು ಅಳಿಸಿದ್ದಾರೆ ಎಂದು ಕಣ್ಣು ಚುರುಕಿದ್ದವರು ಹಿಡಿದೇಬಿಟ್ಟರು. ಚಿತ್ರ ಸುಮಾರು 190 ಕೋಟಿ ಡಾಲರ್ ದುಡಿಯಿತು. ಅದು ಒಳ್ಳೆಯ ಚಿತ್ರವೇ. ಹಳಬರಿಬ್ಬರೂ ತಮ್ಮ ತಮ್ಮ ಗಾಯಗಳನ್ನು ಹೊತ್ತು ಬಂದಿದ್ದರು. ಹಿಂದೆ ಪ್ರೇಯಸಿ ಗ್ವೆನ್‌ಳನ್ನು ಉಳಿಸಿಕೊಳ್ಳಲಾಗದಿದ್ದ ಗಾರ್ಫೀಲ್ಡ್‌ನ ಪೀಟರ್ ಈ ಸಲ ಬೀಳುತ್ತಿದ್ದ ನಾಯಕಿ ಎಂ.ಜೆ.ಯನ್ನು ಹಿಡಿದಾಗ ಅವನ ಮುಖ ಮರೆಯುವಂಥದ್ದಲ್ಲ. ಆದರೆ ಸ್ಟುಡಿಯೋಗಳು ಅದರಿಂದ ಕಲಿತ ಪಾಠ ಬೇರೆ. ಹಳೆಯ ಮುಖ ತಂದರೆ ಸಾಕು, ಶಿಳ್ಳೆ ಖಚಿತ.

ಮರುವರ್ಷವೇ ಅದರ ಫಲ ಕಂಡಿತು. ನಟ ಜಾನ್ ಕ್ರಸಿನ್ಸ್ಕಿ ‘ಫೆಂಟಾಸ್ಟಿಕ್ ಫೋರ್’ನ ರೀಡ್ ರಿಚರ್ಡ್ಸ್ ಆಗಬೇಕೆಂದು ಅಭಿಮಾನಿಗಳು ವರ್ಷಗಟ್ಟಲೆ ಆಸೆಪಟ್ಟಿದ್ದರು. 2022ರ ಡಾಕ್ಟರ್ ಸ್ಟ್ರೇಂಜ್ ಚಿತ್ರದಲ್ಲಿ ಅವರು ಬಂದರು, ಕೆಲವೇ ನಿಮಿಷಗಳಲ್ಲಿ ಮಾಟಗಾತಿ ವಾಂಡಾಳ ಕೈಯಲ್ಲಿ ಸತ್ತರು. 2025ರ ‘ಫೆಂಟಾಸ್ಟಿಕ್ ಫೋರ್’ನಲ್ಲಿ ಆ ಪಾತ್ರ ಪೆದ್ರೊ ಪಾಸ್ಕಲ್ ಪಾಲಾಯಿತು. ಇನ್ನೂ ನೋವಿನ ಕಥೆ ಹೆನ್ರಿ ಕ್ಯಾವಿಲ್‌ರದ್ದು. 2022ರ ಅಕ್ಟೋಬರ್‌ನಲ್ಲಿ ‘ಬ್ಲ್ಯಾಕ್ ಆಡಮ್’ ಕೊನೆಯಲ್ಲಿ ಅವರ ಸೂಪರ್‌ಮ್ಯಾನ್ ಕಾಣಿಸಿಕೊಂಡ, ತಾನು ಮರಳಿದ್ದೇನೆಂದು ಅವರೇ ಅಭಿಮಾನಿಗಳಿಗೆ ಹೇಳಿದರು. ಡಿಸೆಂಬರ್ ಹೊತ್ತಿಗೆ ಅದು ಮುಗಿದ ಮಾತಾಗಿತ್ತು. ನಿರ್ದೇಶಕ ಜೇಮ್ಸ್ ಗನ್ ಹೊಸದಾಗಿ ಶುರುಮಾಡಿದರು, 2025ರ ಜುಲೈನಲ್ಲಿ ಡೇವಿಡ್ ಕೊರೆನ್‌ಸ್ವೆಟ್ ಸೂಪರ್‌ಮ್ಯಾನ್ ಆಗಿ ಬಂದರು.

ಪಾತ್ರಕ್ಕೆ ಯಾರು ಬೇಕು, ಯಾರು ಬೇಡ ಎಂಬ ವಿಷಯದಲ್ಲಿ ಅಭಿಮಾನಿಗಳ ತೀರ್ಮಾನ ಬಹಳ ಸಲ ಸುಳ್ಳಾಗಿದೆ ಎಂಬುದನ್ನೂ ಇಲ್ಲೇ ಹೇಳಬೇಕು. 1989ರ ‘ಬ್ಯಾಟ್‌ಮ್ಯಾನ್’ಗೆ ಮೈಕೆಲ್ ಕೀಟನ್‌ರನ್ನು ಆರಿಸಿದಾಗ ವಾರ್ನರ್ ಬ್ರದರ್ಸ್‌ಗೆ ಸಾವಿರಾರು ಪ್ರತಿಭಟನೆಯ ಪತ್ರಗಳು ಬಂದವು. ಇಂದು ಅವರ ಬ್ಯಾಟ್‌ಮ್ಯಾನ್‌ನನ್ನು ಪ್ರೀತಿಯಿಂದ ನೆನೆಯುತ್ತಾರೆ. ಹೀತ್ ಲೆಡ್ಜರ್ ಜೋಕರ್ ಆಗುತ್ತಾರೆಂದಾಗಲೂ ಮೂಗು ಮುರಿದವರಿದ್ದರು. ಆ ಪಾತ್ರಕ್ಕೆ ಮರಣಾನಂತರ ಅವರಿಗೆ ಆಸ್ಕರ್ ಬಂತು.

‘ಯಾರು’ ಎಂದು ಕೇಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕರಾವಳಿಯಲ್ಲಿ ತಾಳಮದ್ದಳೆಗೆ ಹೊರಟವರು ‘ಇವತ್ತು ಕರ್ಣ ಯಾರು, ಕೃಷ್ಣ ಯಾರು?’ ಎಂದೇ ವಿಚಾರಿಸುವುದು. ಕರ್ಣ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೆ ಒಬ್ಬೊಬ್ಬ ಅರ್ಥಧಾರಿಯ ಕರ್ಣನೂ ಒಂದೊಂದು ಬಗೆಯಲ್ಲಿ ವಾದಿಸುತ್ತಾನೆ, ಆ ವಾದ ಕೇಳಲಿಕ್ಕೆ ಜನ ರಾತ್ರಿ ಕೂರುತ್ತಾರೆ. ಅಲ್ಲಿ ‘ಯಾರು’ ಎಂಬುದರೊಳಗೇ ‘ಏನು’ ಸೇರಿಕೊಂಡಿದೆ. ಕುರ್ಚಿಯ ಬೆನ್ನಿನ ಹೆಸರಿಗೆ ಆ ಶಕ್ತಿ ಇಲ್ಲ.

ಉತ್ತರಿಸಲಾಗದ ‘ಯಾರು’ ಒಂದು ಸಲ ನಿಜವಾಗಿಯೂ ಎದುರಾಯಿತು. 2020ರ ಆಗಸ್ಟ್ 28ರಂದು ‘ಬ್ಲ್ಯಾಕ್ ಪ್ಯಾಂಥರ್’ನಲ್ಲಿ ರಾಜ ಟಿ’ಚಾಲಾ ಆಗಿದ್ದ ಚ್ಯಾಡ್ವಿಕ್ ಬೋಸ್‌ಮನ್ ತೀರಿಕೊಂಡರು. ‘ಬ್ಲ್ಯಾಕ್ ಪ್ಯಾಂಥರ್’ನ ಎರಡನೆಯ ಭಾಗಕ್ಕೆ ಅವರನ್ನೇ ನೆಚ್ಚಿ ಕಥೆ ಬರೆದಿದ್ದ ನಿರ್ದೇಶಕ ರಯಾನ್ ಕೂಗ್ಲರ್ ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು. ಟಿ’ಚಾಲಾ ಪಾತ್ರಕ್ಕೆ ಬೇರೆ ನಟನನ್ನು ತನ್ನಿ ಎಂದು ಅಭಿಮಾನಿಗಳಲ್ಲೇ ಒಂದು ಗುಂಪು ಒತ್ತಾಯಿಸಿತು. ಅದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಕೂಗ್ಲರ್ ಆ ದಾರಿ ಹಿಡಿಯಲಿಲ್ಲ. 2022ರ ‘ವಕಾಂಡಾ ಫಾರೆವರ್’ ರಾಜನ ಸಾವಿನಿಂದಲೇ ಆರಂಭವಾಗುತ್ತದೆ. ಅಣ್ಣನನ್ನು ಕಳೆದುಕೊಂಡ ಶೂರಿ ಸಿಟ್ಟು, ಸೇಡು, ಶೋಕಗಳ ನಡುವೆ ಏನಾಗುತ್ತಾಳೆ ಎಂಬುದೇ ಅದರ ಕಥೆ. ಬದಲಿ ಮುಖ ಹುಡುಕದೆ ದುಃಖವನ್ನೇ ಕಥೆಯಾಗಿಸಿದ ಆ ಚಿತ್ರ, ಕೊರತೆಗಳಿದ್ದರೂ, ಈ ಪ್ರಕಾರದ ಅತ್ಯಂತ ಪ್ರಾಮಾಣಿಕ ಮುಂದುವರಿಕೆಗಳಲ್ಲಿ ಒಂದು.

‘ಡೂಮ್ಸ್‌ಡೇ’ಗೆ ನಿಗದಿಯಾದ ದಿನ 2026ರ ಡಿಸೆಂಬರ್ 18, ಅದರ ಮುಂದಿನ ‘ಸೀಕ್ರೆಟ್ ವಾರ್ಸ್’ಗೆ 2027ರ ಡಿಸೆಂಬರ್ 17. 2024ರ ಜುಲೈನಲ್ಲಿ ಸ್ಯಾನ್ ಡಿಯಾಗೊದ ಕಾಮಿಕ್-ಕಾನ್ ವೇದಿಕೆಯಲ್ಲಿ ಹಸಿರು ಮೇಲಂಗಿಯವನೊಬ್ಬ ಮುಖವಾಡ ತೆಗೆದಾಗ ಒಳಗಿದ್ದವರು ಡೌನಿ. ಹನ್ನೊಂದು ವರ್ಷ ಐರನ್‌ಮ್ಯಾನ್ ಆಗಿದ್ದವರು ಇನ್ನು ಖಳ ಡಾಕ್ಟರ್ ಡೂಮ್. ಡೂಮ್ ಇನ್ನೊಂದು ಲೋಕದ ಟೋನಿಯೇ ಇರಬಹುದೇ ಎಂಬ ಊಹೆ ಅಂದಿನಿಂದ ನಿಂತಿಲ್ಲ. ನನಗೆ ಇದಕ್ಕಿಂತ ಬೆಲೆಯುಳ್ಳದ್ದು ಅನಿಸುವ ಸುಳಿವು ಬೇರೆ ಇದೆ. 2025ರ ‘ಫೆಂಟಾಸ್ಟಿಕ್ ಫೋರ್’ನ ಕೊನೆಗೆ ಡೂಮ್ ರೀಡ್‌ನ ಮಗ, ಪುಟ್ಟ ಫ್ರಾಂಕ್ಲಿನ್‌ನ ಮುಂದೆ ಕೂತಿರುತ್ತಾನೆ, ಮುಖ ಕಾಣುವುದಿಲ್ಲ. ಕ್ಯಾಪ್ಟನ್ ಅಮೆರಿಕಾ ಮರಳುವ ಸುದ್ದಿ ಕೊಟ್ಟ ಟೀಸರ್‌ನಲ್ಲಿ ಅವನ, ಅಂದರೆ ಸ್ಟೀವ್ ರೋಜರ್ಸ್ ಕೈಯಲ್ಲೂ ಒಂದು ಹಸುಗೂಸು. ಜೊನಾಥನ್ ಹಿಕ್‌ಮನ್ 2015ರಲ್ಲಿ ಬರೆದ ‘ಸೀಕ್ರೆಟ್ ವಾರ್ಸ್’ ಕಾಮಿಕ್ಸ್‌ನಲ್ಲಿ ಲೋಕಗಳೆಲ್ಲ ಅಳಿಯುತ್ತಿರುವಾಗ ಡೂಮ್ ಉಳಿದ ಚೂರುಗಳನ್ನು ಒಂದುಗೂಡಿಸಿ ತಾನೇ ದೇವರಾಗುತ್ತಾನೆ, ರೀಡ್‌ನ ಸಂಸಾರವನ್ನೂ ತನ್ನದಾಗಿಸಿಕೊಳ್ಳುತ್ತಾನೆ. ಇಷ್ಟನ್ನು ಎದುರಿಗಿಟ್ಟುಕೊಂಡು ಕೇಳಿ: ಈ ಖಳನಿಗೆ ಮಕ್ಕಳೇಕೆ ಬೇಕು? ತಾನು ಮಾಡುತ್ತಿರುವುದು ಲೋಕರಕ್ಷಣೆ ಎಂದೇ ಅವನು ನಂಬಿದ್ದರೆ? ಇಂಥ ಪ್ರಶ್ನೆಗೆ ತಿಂಗಳುಗಟ್ಟಲೆ ಕಾಯಬಹುದು.

ಇಂಥ ಪ್ರಶ್ನೆ ಹುಟ್ಟಿಸುವುದರಲ್ಲಿ ನಮ್ಮ ದಕ್ಷಿಣದ ಚಿತ್ರಗಳು ಹಿಂದೆ ಬಿದ್ದಿಲ್ಲ. 2024ರ ಜನವರಿಯ ತೆಲುಗು ಚಿತ್ರ ‘ಹನುಮಾನ್’ ಅಂಜನಾದ್ರಿ ಎಂಬ ಕಲ್ಪಿತ ಊರಿನ ಹುಡುಗನ ಕಥೆ. ಆನೆಗೊಂದಿಯ ಬಳಿಯ ಅಂಜನಾದ್ರಿ ಬೆಟ್ಟ ಹತ್ತಿದ ಕನ್ನಡಿಗರಿಗೆ ಆ ಹೆಸರೇ ಹತ್ತಿರದ್ದು. ನಿರ್ದೇಶಕ ಪ್ರಶಾಂತ್ ವರ್ಮಾ ಅದರ ಮುಂದುವರಿಕೆ ‘ಜೈ ಹನುಮಾನ್’ಗೆ ರಿಷಬ್ ಶೆಟ್ಟಿಯವರನ್ನು ಹನುಮಂತನಾಗಿ ಆರಿಸಿದ್ದಾರೆ. ಶ್ರೀರಾಮನ ಮೂರ್ತಿಯನ್ನು ಎದೆಗವಚಿ ಕೂತ ರಿಷಬ್ ಚಿತ್ರ 2024ರ ಅಕ್ಟೋಬರ್‌ನಲ್ಲಿ ಹೊರಬಂದಾಗ ಇಲ್ಲಿನವರು ಸಂಭ್ರಮಿಸಿದ್ದು ಸಹಜ. ಆ ಕಥೆಯ ಬೀಜ ಮಾತ್ರ ತ್ರೇತಾಯುಗದಲ್ಲಿ ಕೊಟ್ಟ ಒಂದು ಮಾತು, ಕಲಿಯುಗದಲ್ಲಿ ಅದನ್ನು ಉಳಿಸಿಕೊಳ್ಳಬೇಕಾದ ಹೊಣೆ. ಆ ಮಾತು ಏನು? ರಾಮಾಯಣ ಬಲ್ಲ ಯಾವ ಅಜ್ಜಿ ಬೇಕಾದರೂ ಈ ಊಹೆಯಲ್ಲಿ ಪಾಲ್ಗೊಳ್ಳಬಹುದು. 2025ರ ಆಗಸ್ಟ್‌ನಲ್ಲಿ ಬಂದ ಮಲಯಾಳದ ‘ಲೋಕಾ’ ನಡೆಯುವುದೇ ಬೆಂಗಳೂರಿನಲ್ಲಿ. ಕಲ್ಯಾಣಿ ಪ್ರಿಯದರ್ಶನ್‌ರ ಚಂದ್ರಾ ಕೇರಳದ ನೀಲಿ ಯಕ್ಷಿಯ ಕಥೆಯಿಂದ ಎದ್ದು ಬಂದವಳು. ಎರಡನೆಯ ಭಾಗ ಟೊವಿನೊ ಥಾಮಸ್‌ರ ಚಾತನ್‌ನದು. ಊರಿನ ಐತಿಹ್ಯ ಗೊತ್ತಿದ್ದವರ ಊಹೆಗೆ ಇಲ್ಲಿ ಹೆಚ್ಚು ಬೆಲೆ.

ಇಷ್ಟೆಲ್ಲದರ ನಡುವೆ ನಾನು ಅತಿ ಹೆಚ್ಚು ಕಾಯುತ್ತಿರುವುದು ಒಂದು ಅನಿಮೇಷನ್ ಚಿತ್ರಕ್ಕೆ. 2023ರ ಜೂನ್‌ನ ‘ಅಕ್ರಾಸ್ ದಿ ಸ್ಪೈಡರ್-ವರ್ಸ್’ ಕಥೆಯ ನಟ್ಟನಡುವೆ ನಿಂತಿತು. ಪ್ರತಿ ಸ್ಪೈಡರ್‌ಮ್ಯಾನ್‌ನ ಬದುಕಿನಲ್ಲೂ ಒಬ್ಬ ಪೊಲೀಸ್ ಕ್ಯಾಪ್ಟನ್ ಸಾಯಲೇಬೇಕು, ತಡೆದರೆ ಆ ಲೋಕವೇ ಹರಿದುಹೋಗುತ್ತದೆ ಎನ್ನುತ್ತಾನೆ ಬೇರೆ ಬೇರೆ ಲೋಕಗಳ ಸ್ಪೈಡರ್‌ಮ್ಯಾನ್‌ಗಳ ಮುಖಂಡ ಮಿಗೆಲ್ ಒ’ಹಾರ. ಕಥಾನಾಯಕ ಮೈಲ್ಸ್ ಮೊರಾಲೆಸ್‌ನ ಅಪ್ಪ ಇನ್ನೇನು ಕ್ಯಾಪ್ಟನ್ ಆಗುವವನು. ಭಾರತದ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್‌ನ ಮುಂಬಟ್ಟನ್ ನಗರದಲ್ಲಿ ಮೈಲ್ಸ್ ಒಬ್ಬ ಅಧಿಕಾರಿಯನ್ನು ಉಳಿಸಿದ, ಅಲ್ಲಿ ಲೋಕ ಬಿರುಕುಬಿಟ್ಟಿತು. ಆದರೂ ಹುಡುಗ ಅಪ್ಪನನ್ನು ಉಳಿಸಲು ಓಡುತ್ತಾನೆ, ತಪ್ಪು ಲೋಕಕ್ಕೆ ಬಂದು ಬೀಳುತ್ತಾನೆ. ಅಲ್ಲಿ ಅಪ್ಪ ಎಂದೋ ಸತ್ತಿದ್ದಾನೆ, ಅಲ್ಲಿನ ಮೈಲ್ಸ್ ಕಳ್ಳಕಾಕರ ದಾರಿ ಹಿಡಿದು ಪ್ರೌಲರ್ ಎಂಬ ಖಳನಾಗಿದ್ದಾನೆ. ಅವರಿಬ್ಬರು ಮುಖಾಮುಖಿಯಾದಲ್ಲಿಗೆ ಚಿತ್ರ ನಿಂತಿತು. ಮುಂದಿನ ಭಾಗ ‘ಬಿಯಾಂಡ್’ 2024ರ ಮಾರ್ಚ್‌ಗೆ ಬರಬೇಕಿತ್ತು, ಈಗ 2027ರ ಜೂನ್‌ಗೆ ಹೋಗಿದೆ. ವಿಧಿಯ ಲೆಕ್ಕ ನಿಜವೋ, ಅಥವಾ ದುಃಖದಿಂದ ಕಲ್ಲಾದ ಮಿಗೆಲ್ ತನ್ನ ಅನುಭವವನ್ನೇ ನಿಯಮ ಮಾಡಿಕೊಂಡನೋ? ನನ್ನ ಊಹೆ ಎರಡನೆಯದು. ಅಪ್ಪ ಬದುಕುತ್ತಾನೆ. ಅದಕ್ಕೆ ಬೆಲೆ ತೆರುವವನು ಆ ಇನ್ನೊಬ್ಬ ಮೈಲ್ಸ್.

‘ಅಕ್ರಾಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು, ಕನ್ನಡವೂ ಅವುಗಳಲ್ಲೊಂದು. ‘ಎಂಡ್‌ಗೇಮ್’ ಇಲ್ಲಿಗೆ ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಮಾತ್ರ. ಯಾರು ಬಂದರೆಂದು ಪೋಸ್ಟರ್ ನೋಡಿಯೇ ತಿಳಿಯಬಹುದು, ಅದಕ್ಕೆ ಭಾಷೆ ಬೇಕಿಲ್ಲ. ಮಿಗೆಲ್ ಏನು ಹೇಳಿದ, ಮೈಲ್ಸ್ ಏಕೆ ಒಪ್ಪಲಿಲ್ಲ ಎಂಬುದು ಗಂಗಾವತಿಯ, ಚಳ್ಳಕೆರೆಯ ಮಗುವಿಗೆ ತಿಳಿಯಬೇಕಾದರೆ, ಅದೂ ತನ್ನದೊಂದು ಊಹೆ ಕಟ್ಟಬೇಕಾದರೆ, ಮಾತು ಕನ್ನಡದಲ್ಲಿರಬೇಕು. ‘ಡೂಮ್ಸ್‌ಡೇ’, ‘ಬಿಯಾಂಡ್’ ಬರುವ ಹೊತ್ತಿಗೆ ವಿತರಕರು ಒಳ್ಳೆಯ ಸಂಭಾಷಣೆಕಾರರಿಂದ ಬರೆಸಿದ ಕನ್ನಡ ಅವತರಣಿಕೆ ತರಲಿ, ಬೆಂಗಳೂರಿನಾಚೆಗೂ ಅದಕ್ಕೆ ಪ್ರದರ್ಶನ ಕೊಡಲಿ. ಟಿಕೆಟ್ ತೆಗೆಯುವಾಗ ಕನ್ನಡದ ಆಟ ಇದೆಯೇ ಎಂದು ನೀವೂ ಕೇಳಿ.