ಲೂಡೋ ಅದೃಷ್ಟದ ಆಟವೋ, ಬುದ್ಧಿಯ ಆಟವೋ? ಉತ್ತರ ನಿಯಮದಲ್ಲಿದೆ

“ಇದು ಬುದ್ಧಿಯ ಆಟ, ತಲೆ ಇದ್ದವರಿಗೆ ದುಡ್ಡು ಖಚಿತ!” ಲೂಡೋ, ರಮ್ಮಿ ಆ್ಯಪ್‌ಗಳ ಲಿಂಕ್ ಜೊತೆ ಇಂಥ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ? ನೋಡೋಣ.

ಆಟದಲ್ಲಿ ಬುದ್ಧಿಗೆ ಎಷ್ಟು ಜಾಗವಿದೆ ಎಂಬುದನ್ನು ತೀರ್ಮಾನಿಸುವುದು ಅದರ ನಿಯಮಗಳು. ಹಾಗಾಗಿ ಯಾವುದೇ ಆಟದ ಬಗ್ಗೆ ನಾವು ಮೂರು ಪ್ರಶ್ನೆ ಕೇಳಿಕೊಳ್ಳೋಣ.

1. ಆಯ್ಕೆ ಇದೆಯೇ?
ಹೌಸಿಯಲ್ಲಿ ಆಯ್ಕೆಯೇ ಇಲ್ಲ. ಕೂಗಿದ ಸಂಖ್ಯೆಗೆ ಗುರುತು ಹಾಕುವುದಷ್ಟೇ ಕೆಲಸ. ಲೂಡೋದಲ್ಲಿ ಒಂದೇ ಕಾಯಿ ಹೊರಗಿದ್ದರೂ ಹೆಚ್ಚುಕಡಿಮೆ ಅದೇ ಕತೆ: ದಾಳ ಹೇಳಿದಷ್ಟು ಮನೆ ನಡೆಸಬೇಕು. ನಾಲ್ಕೂ ಕಾಯಿ ಹೊರಗಿದ್ದರೆ ಯಾವುದನ್ನು ಓಡಿಸಲಿ, ಯಾವುದನ್ನು ಉಳಿಸಲಿ ಎಂದು ಯೋಚಿಸಬೇಕಾಗುತ್ತದೆ. 6 ಬೀಳುವ ತನಕ ಕಾಯದೆ, ಎಲ್ಲ ಕಾಯಿಗಳನ್ನೂ ಮೊದಲೇ ಹೊರಗಿಟ್ಟು ಆಡಿದರೆ ಅದೇ ಲೂಡೋದಲ್ಲಿ ತಲೆಗೆ ಹೆಚ್ಚು ಕೆಲಸ.

2. ಅಂದಾಜು ಮಾಡಬಹುದೇ?
ದಾಳದಲ್ಲಿ 1ರಿಂದ 6ರವರೆಗೆ ಎಲ್ಲಕ್ಕೂ ಸಮಾನ ಅವಕಾಶ. ನಮ್ಮ ಚೌಕಾಬಾರದಲ್ಲಿ ಹಾಗಲ್ಲ. ನಾಲ್ಕು ಕವಡೆಗಳು 16 ರೀತಿ ಬೀಳಬಹುದು. ಪ್ರತಿ ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ 2 ಬೀಳಲು 6 ದಾರಿ. 1 ಮತ್ತು 3ಕ್ಕೆ ತಲಾ 4. ಚೌಕ (4), ಬಾರಕ್ಕೆ (8) ತಲಾ ಒಂದೇ. ಹಾಗಾಗಿ ಎದುರಾಳಿಯ ಕಾಯಿಗಿಂತ 2 ಮನೆ ಮುಂದೆ ನಿಲ್ಲುವುದು ಅಪಾಯ. 4 ಮನೆ ಮುಂದಿದ್ದರೆ ಹೊಡೆಸಿಕೊಳ್ಳುವ ಭಯ ಕಡಿಮೆ. ಈ ಲೆಕ್ಕ ತಿಳಿದವರಿಗೆ ಅನುಕೂಲ ಹೆಚ್ಚು.

3. ಎಷ್ಟು ಆಟ?
ಒಂದೇ ಚಿಕ್ಕ ಆಟದಲ್ಲಿ ಎರಡು ಬಾರಿ 6 ಬಿದ್ದರೆ ಹೊಸಬರೂ ಗೆಲ್ಲಬಹುದು. ಹತ್ತಾರು ಆಟ ಆಡಿದರೆ ಅದೃಷ್ಟ ಎಲ್ಲರಿಗೂ ಹಂಚಿಹೋಗಿ, ಜಾಣತನ ಎದ್ದು ಕಾಣುತ್ತದೆ.

ಹಾಗಾದರೆ ದುಡ್ಡು ಖಚಿತವೇ?
ಇಲ್ಲ. ಒಂದು ಉದಾಹರಣೆ ನೋಡಿ. ಇಬ್ಬರು ತಲಾ 50 ರೂಪಾಯಿ ಕಟ್ಟುತ್ತಾರೆ. ಗೆದ್ದವರಿಗೆ 90, ಆ್ಯಪ್‌ಗೆ 10. ಸಮಬಲದ ಇಬ್ಬರು 100 ಆಟ ಆಡಿ ತಲಾ 50 ಗೆದ್ದರು ಎಂದುಕೊಳ್ಳಿ. ಒಬ್ಬೊಬ್ಬರು ಕಟ್ಟಿದ್ದು 5,000 ರೂಪಾಯಿ, ಕೈಗೆ ಬಂದದ್ದು 4,500. ಇಬ್ಬರಿಗೂ 500 ನಷ್ಟ!

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆಯೂ ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.

ತೀರ್ಮಾನ: ಲೂಡೋದಲ್ಲಿ ಬುದ್ಧಿಗೆ ಜಾಗವಿದೆ ಎಂಬುದು ನಿಜ. ಬುದ್ಧಿ ಇದ್ದರೆ ದುಡ್ಡು ಖಚಿತ ಎಂಬುದು ಸುಳ್ಳು. ಮನೆಯವರ ಜೊತೆ ಕೂತು ಖುಷಿಯಾಗಿ ಆಡಿ. ಆ ಲಿಂಕನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.